ದಿಂಬಂ ಘಾಟಿಯಲ್ಲಿ ಸ್ಪೋರ್ಟ್ಸ್ ಕಾರುಗಳ ಜೊತೆ ಹೋಗಬಹುದೇ?

ಪ್ರಶ್ನೆ: ಸರ್, ನಮ್ಮೂರು ತಾಳವಾಡಿ, ಕೆಲಸ ಹೊಸೂರಿನಲ್ಲಿ. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ತಗೊಂಡೆ. 2021ರ ಮಾಡೆಲ್, 1.0 ಟಿಎಸ್‌ಐ, ಆಟೋಮ್ಯಾಟಿಕ್. ನನ್ನ ಸಹೋದ್ಯೋಗಿ ಇರುವ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು ಮುಂದಿನ ತಿಂಗಳು ಒಂದು ಭಾನುವಾರ ಚಾಮರಾಜನಗರದಿಂದ ಹೊರಟು, ಹಾಸನೂರು ದಾಟಿ, ದಿಂಬಂ ಘಾಟಿ ಇಳಿದು, ಬಣ್ಣಾರಿ ಮುಟ್ಟಿ ವಾಪಸ್ ಬರುತ್ತಾರಂತೆ. ಹನ್ನೆರಡು ಕಾರು. ಅದರಲ್ಲಿ ಪೋರ್ಷೆ, ಬಿಎಂಡಬ್ಲ್ಯೂ ಎಲ್ಲ ಇವೆ. ನನ್ನನ್ನೂ ಕರೆದಿದ್ದಾರೆ. ಚಿಕ್ಕಂದಿನಿಂದ ಬಸ್ಸಿನಲ್ಲಿ ಓಡಾಡಿದ ದಾರಿ ಅದು, ಆದರೆ ಘಾಟಿಯಲ್ಲಿ ನಾನೇ ಕಾರು ಓಡಿಸಿಲ್ಲ. ಅವರ ಸಮಕ್ಕೆ ಹೋಗಲು ಆಗುತ್ತಾ? ಕಾರಿಗೆ ಏನು ಮಾಡಿಸಬೇಕು? ಏನಾದರೂ ಆದರೆ ಇನ್ಶೂರೆನ್ಸ್ ಸಿಗುತ್ತಾ? ಅಮ್ಮನಿಗೆ ಇದು ಇಷ್ಟವೇ ಇಲ್ಲ.

ಉತ್ತರ: ಹೋಗಿ ಬನ್ನಿ. ಆದರೆ "ಅವರ ಸಮಕ್ಕೆ" ಅನ್ನುವ ಮಾತನ್ನು ಮನೆಯಲ್ಲೇ ಬಿಟ್ಟು ಹೋಗಿ. ಹೊಸಬರಿಗೆ ಘಾಟಿಯಲ್ಲಿ ಅಪಾಯ ತರುವುದು ತಿರುವಿಗಿಂತ ಹೆಚ್ಚಾಗಿ ಮುಂದಿನ ಕಾರು ಕಣ್ಮರೆಯಾಗಿಬಿಡುತ್ತದೆ ಅನ್ನುವ ಆತಂಕ. ಆ ಆತಂಕ ಯಾಕೆ ಬೇಡ ಅಂತ ಮೊದಲು ಹೇಳುತ್ತೇನೆ. ಕಾರಿನ ವಿಷಯ ಆಮೇಲೆ.

ದಿಂಬಂನಲ್ಲಿ 27 ಹೇರ್‌ಪಿನ್ ತಿರುವುಗಳಿವೆ, ಅಂದರೆ ಬಂದ ದಿಕ್ಕಿಗೇ ವಾಪಸ್ ತಿರುಗಿಸುವ ಬಿಗಿ ತಿರುವುಗಳು. ನಮ್ಮ ದೇಶದಲ್ಲಿ ಬೆಟ್ಟದ ರಸ್ತೆ ಮಾಡುವವರು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಗಳನ್ನು ನೋಡುತ್ತಾರೆ. ಅದರ ಪ್ರಕಾರ ಹೇರ್‌ಪಿನ್ ತಿರುವಿನ ಕನಿಷ್ಠ ವಿನ್ಯಾಸ ವೇಗ ಗಂಟೆಗೆ 20 ಕಿ.ಮೀ., ಒಳ ಅಂಚಿನ ತ್ರಿಜ್ಯ ಕಡಿಮೆ ಅಂದರೆ 14 ಮೀಟರ್. ಅಷ್ಟು ಬಿಗಿಯಾದ ತಿರುವಿನಲ್ಲಿ 20ರಲ್ಲಿ ಹೋದರೆ ಕಾರನ್ನು ಪಕ್ಕಕ್ಕೆ ಎಳೆಯುವ ಬಲ ಕಾರಿನ ತೂಕದ ಕಾಲು ಭಾಗಕ್ಕಿಂತ ಕಡಿಮೆ. ಅದೇ ತಿರುವನ್ನು 40ರಲ್ಲಿ ತಗೊಂಡರೆ? ವೇಗ ಎರಡು ಪಟ್ಟು, ಆದರೆ ಎಳೆತ ನಾಲ್ಕು ಪಟ್ಟು. ಅಂದರೆ ಹೆಚ್ಚುಕಡಿಮೆ ಕಾರಿನ ತೂಕದಷ್ಟೇ. ಒಣ ರಸ್ತೆಯಲ್ಲಿ, ಒಳ್ಳೆಯ ಟಯರಿನಲ್ಲೂ ಅದು ಹಿಡಿತದ ಕೊನೆಯ ಅಂಚು. ಸ್ವಲ್ಪ ಮರಳು, ಒಂದಿಷ್ಟು ಲಾರಿಯ ಡೀಸೆಲ್ ಬಿದ್ದಿದ್ದರೆ ಮುಗಿಯಿತು.

ಈ ಲೆಕ್ಕಕ್ಕೆ ಎಂಜಿನ್ನಿನ ಶಕ್ತಿ ಎಷ್ಟು ಅನ್ನುವುದು ಬರುವುದೇ ಇಲ್ಲ, ನೋಡಿ. ಹೇರ್‌ಪಿನ್ನಿನಲ್ಲಿ ಪೋರ್ಷೆಯೂ ನಿಧಾನ ಆಗಲೇಬೇಕು, ನಿಮ್ಮ 110 ಪಿಎಸ್ ಪೋಲೋನೂ ಆಗಲೇಬೇಕು. ದೊಡ್ಡ ಎಂಜಿನ್ ತನ್ನ ಜೋರು ತೋರಿಸುವುದು ಎರಡು ತಿರುವಿನ ನಡುವಿನ ತುಂಡು ರಸ್ತೆಯಲ್ಲಿ. ದಿಂಬಂನಲ್ಲಿ ಆ ತುಂಡುಗಳು ಚಿಕ್ಕವು, ಎದುರಿನಿಂದ ಸರ್ಕಾರಿ ಬಸ್ಸು, ಲಾರಿ ಬರುತ್ತಲೇ ಇರುತ್ತವೆ. ಅಲ್ಲಿ ಜೋರು ತೋರಿಸುವವರ ಹಿಂದೆ ಓಡುವ ಅಗತ್ಯ ನಿಮಗಿಲ್ಲ. ತೋರಿಸುವವರು ಜಾಸ್ತಿ ಇರುವ ಗುಂಪಾದರೆ, ಅದು ನೀವು ಹೋಗಬೇಕಾದ ಗುಂಪೇ ಅಲ್ಲ.

ಹಾಗಾದರೆ ಗುಂಪು ಎಂಥದ್ದು ಅಂತ ಮೊದಲೇ ತಿಳಿಯುವುದು ಹೇಗೆ? ಆಯೋಜಕರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಎಲ್ಲರಿಗಿಂತ ನಿಧಾನ ಬರುವವರಿಗೆ ನಿಮ್ಮಲ್ಲಿ ಏನು ವ್ಯವಸ್ಥೆ ಇದೆ?" ಒಳ್ಳೆಯ ಕ್ಲಬ್ಬಾದರೆ ಉತ್ತರ ತಡವಾಗದೆ ಬರುತ್ತದೆ. ದಾರಿ ಗೊತ್ತಿರುವ ಒಬ್ಬರು ಲೀಡ್ ಕಾರಿನಲ್ಲಿ, ಅನುಭವ ಇರುವ ಇನ್ನೊಬ್ಬರು ಸ್ವೀಪ್ ಕಾರಿನಲ್ಲಿ ಕೊನೆಗೆ. ಸ್ವೀಪ್ ಕಾರನ್ನು ಬಿಟ್ಟು ಯಾರೂ ಹಿಂದೆ ಉಳಿಯುವುದಿಲ್ಲ. ದಾರಿ ಕವಲೊಡೆಯುವ ಕಡೆ, ಹಿಂದಿನ ಕಾರು ಕಾಣುವ ತನಕ ಮುಂದಿನವರು ಕಾಯುತ್ತಾರೆ. ಗುಂಪಿನೊಳಗೆ ಒಬ್ಬರನ್ನೊಬ್ಬರು ಓವರ್‌ಟೇಕ್ ಮಾಡುವಂತಿಲ್ಲ. ಇಷ್ಟು ಇದ್ದರೆ ನೀವು ಹಿಂದೆ ಬೀಳುವುದು ಸಾಧ್ಯವೇ ಇಲ್ಲ, ಯಾಕೆಂದರೆ ಮುಂದಿನ ನಿಲುಗಡೆಯಲ್ಲಿ ಎಲ್ಲರೂ ಇದ್ದೇ ಇರುತ್ತಾರೆ. "ಏನಿಲ್ಲ ಬ್ರೋ, ಫಾಲೋ ಮಾಡ್ಕೊಂಡು ಬನ್ನಿ" ಅಂತ ಉತ್ತರ ಬಂದರೆ, ಆ ಭಾನುವಾರ ಬೇರೆ ಕೆಲಸ ನೋಡಿಕೊಳ್ಳಿ.

ಸಾಲಿನಲ್ಲಿ ಎಷ್ಟನೆಯವರಾಗಿ ಹೋಗಬೇಕು ಅನ್ನುವುದು ಇನ್ನೊಂದು ಮುಖ್ಯ ವಿಷಯ. ಹೊಸಬರು ಸಂಕೋಚಪಟ್ಟು "ನಾನು ಹಿಂದೆಯೇ ಬರ್ತೀನಿ" ಅನ್ನುತ್ತಾರೆ. ನನ್ನ ಪ್ರಕಾರ ಅದು ತಪ್ಪು ಜಾಗ. ಕಾರುಗಳ ಸಾಲು ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಲೀಡ್ ಕಾರು ತಿರುವು ದಾಟಿ ವೇಗ ಹಿಡಿಯುವಾಗ ಎರಡನೆಯ ಕಾರು ಇನ್ನೂ ತಿರುವಿನೊಳಗೆ ಇರುತ್ತದೆ. ಅಂತರ ಹೆಚ್ಚುತ್ತದೆ. ಅದನ್ನು ತುಂಬಲು ಎರಡನೆಯವರು ಲೀಡಿಗಿಂತ ಸ್ವಲ್ಪ ಜೋರಾಗಿ ಹೋಗುತ್ತಾರೆ, ಮೂರನೆಯವರು ಇನ್ನೂ ಸ್ವಲ್ಪ ಜೋರಾಗಿ. ಹೀಗೆ ಸೇರುತ್ತಾ ಸೇರುತ್ತಾ, ಲೀಡ್ ಕಾರು ಆರಾಮಾಗಿ ಹೋಗುತ್ತಿದ್ದರೂ ಕೊನೆಯವರು ಪ್ರತಿ ತಿರುವಿನ ಆಚೆ ಆಕ್ಸಿಲರೇಟರ್ ಒತ್ತಿ ಹಿಡಿಯಬೇಕಾಗುತ್ತದೆ. ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸುವವರು ಕೊನೆಯವರೇ. ಅದಕ್ಕೆ ಸ್ವೀಪ್ ಕಾರಿಗೆ ಪಳಗಿದವರು ಬೇಕು. ನೀವು ಲೀಡ್ ಕಾರಿನ ಹಿಂದೆಯೇ, ಎರಡನೆಯ ಸ್ಥಾನ ಕೇಳಿ. ಲೀಡ್‌ನವರು ಕನ್ನಡಿಯಲ್ಲಿ ನಿಮ್ಮನ್ನು ನೋಡಿಕೊಂಡು ವೇಗ ಹೊಂದಿಸುತ್ತಾರೆ. ಬ್ರೇಕ್ ಲೈಟ್ ಎಲ್ಲಿ ಹತ್ತಿತು, ರಸ್ತೆಯ ಯಾವ ಕಡೆಯಿಂದ ತಿರುವಿಗೆ ಹೋದರು ಅನ್ನುವುದೂ ನಿಮಗೆ ಕಾಣುತ್ತದೆ. ಕೇಳಲು ನಾಚಿಕೆ ಬೇಡ. ಹನ್ನೆರಡು ಕಾರು ಒಂದೇ ಸಾಲಿನಲ್ಲಿ ಹೋಗುವುದೂ ನನಗೆ ಹಿಡಿಸುವುದಿಲ್ಲ. ಆರಾರು ಕಾರಿನ ಎರಡು ಗುಂಪು ಮಾಡಿ, ನಡುವೆ ಹತ್ತು ನಿಮಿಷ ಬಿಟ್ಟರೆ ಊರವರಿಗೂ ತೊಂದರೆ ಆಗುವುದಿಲ್ಲ. ಬೈಕಿನಲ್ಲಿ ಆಸ್ಪತ್ರೆಗೆ ಹೋಗುವ ತಾಳವಾಡಿಯವರಿಗೆ ನಿಮ್ಮ ಸಾಲು ಅಡ್ಡಗೋಡೆ ಆಗಬಾರದು, ಅಲ್ವಾ?

ಈಗ ಇಳಿಜಾರಿನ ವಿಷಯ. ನಿಮ್ಮ ಕ್ಲಬ್ಬಿನ ದಾರಿಯಲ್ಲಿ ಕಷ್ಟದ್ದೇ ಮೊದಲು ಬರುತ್ತದೆ. ಚಾಮರಾಜನಗರದ ಕಡೆಯಿಂದ ಹೋದರೆ ದಿಂಬಂ ಮೇಲಿನಿಂದ 27ನೇ ತಿರುವಿನಲ್ಲಿ ಶುರುವಾಗಿ 1ಕ್ಕೆ ಇಳಿಯುತ್ತೀರಿ. ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ಬಿಟ್ಟರೆ ಸಾಕು, ಕಾರು ತಾನೇ ನಿಧಾನ ಆಗುತ್ತದೆ. ಇಳಿಯುವಾಗ ಬಿಟ್ಟರೆ ಜೋರಾಗುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ಯಾವುದೇ ಕಾರು ಎತ್ತರದಲ್ಲಿ 500 ಮೀಟರ್ ಕೆಳಗೆ ಇಳಿದರೆ ಬಿಡುಗಡೆಯಾಗುವ ಶಕ್ತಿ, ಅದೇ ಕಾರನ್ನು 100 ಕಿ.ಮೀ. ವೇಗದಿಂದ ಹೆಚ್ಚುಕಡಿಮೆ ಹದಿಮೂರು ಸಲ ಪೂರ್ತಿ ನಿಲ್ಲಿಸಿದಾಗ ಬರುವ ಶಾಖಕ್ಕೆ ಸಮ. ಗಾಳಿ ಮತ್ತು ಎಂಜಿನ್ ಅದರಲ್ಲಿ ಒಂದು ಪಾಲು ತಗೊಳ್ಳುತ್ತವೆ. ಉಳಿದದ್ದೆಲ್ಲ ಬ್ರೇಕಿನ ಮೇಲೆ. ಎಂಜಿನ್ನಿನ ಪಾಲು ಎಷ್ಟು ಅನ್ನುವುದು ನಿಮ್ಮ ಕೈಯಲ್ಲಿದೆ.

ನಿಮ್ಮ ಆಟೋಮ್ಯಾಟಿಕ್ಕನ್ನು ಡಿ ಸ್ಥಾನದಲ್ಲೇ ಬಿಟ್ಟರೆ ಇಳಿಜಾರಿನಲ್ಲಿ ಅದು ಪೆಟ್ರೋಲ್ ಉಳಿಸಲು ಮೇಲಿನ ಗೇರಿಗೆ ಹೋಗಬಹುದು. ಹಾಗಾದರೆ ಎಂಜಿನ್ ಹಿಡಿತ ತಪ್ಪುತ್ತದೆ, ನಿಮ್ಮ ಕಾಲು ಬ್ರೇಕಿನ ಮೇಲೇ ಇರುತ್ತದೆ. ದಿಂಬಂ ಊರು ದಾಟಿದ ತಕ್ಷಣ ಲಿವರನ್ನು ಪಕ್ಕಕ್ಕೆ ತಳ್ಳಿ ಮ್ಯಾನುವಲ್ ಮೋಡಿಗೆ ಹಾಕಿ, ಎರಡನೇ ಗೇರಿನಲ್ಲಿ ಇಳಿಯಿರಿ. ಎಂಜಿನ್ ಸ್ವಲ್ಪ ಕೂಗುತ್ತದೆ, ಕೂಗಲಿ ಬಿಡಿ, ಅದಕ್ಕೇನೂ ಆಗುವುದಿಲ್ಲ. ಬ್ರೇಕನ್ನು ಸುಮ್ನೆ ಸವರುತ್ತಾ ಇಳಿಯಬೇಡಿ. ತಿರುವಿಗೆ ಮುಂಚೆ, ಸ್ಟೇರಿಂಗ್ ನೇರ ಇರುವಾಗಲೇ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟುಬಿಡಿ. ಬ್ರೇಕಿಗೆ ಉಸಿರಾಡಲು ಸಮಯ ಸಿಗುತ್ತದೆ. ತಿರುವಿನೊಳಗೆ ಹೋಗಿ ಜೋರಾಗಿ ಬ್ರೇಕ್ ಒತ್ತಿದರೆ ಮುಂದಿನ ಟಯರಿಗೆ ನಿಲ್ಲಿಸುವ ಕೆಲಸ, ತಿರುಗಿಸುವ ಕೆಲಸ ಎರಡೂ ಬೀಳುತ್ತವೆ. ನಿಮ್ಮದು ಮುಂದಿನ ಚಕ್ರ ಎಳೆಯುವ ಕಾರು. ಹಿಡಿತ ಮೀರಿದರೆ ಅದು ಸ್ಟೇರಿಂಗಿಗೆ ಜಗ್ಗದೆ ನೇರ ಹೋಗುತ್ತದೆ. ನೇರಕ್ಕೆ ಇರುವುದು ತಡೆಗೋಡೆ, ಇಲ್ಲವೇ ಎದುರಿನ ಲಾರಿ.

ಪೆಡಲ್ ಮೆತ್ತಗಾಗಿ ಒಳಗೆ ಹೋಗತೊಡಗಿದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ ಅಂತ ಅರ್ಥ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿ ಸೆಲ್ಸಿಯಸ್ ತನಕ ತಡೆಯಬೇಕು ಅನ್ನುವುದು ನಿಯಮ. ಆದರೆ ಅದು ಗಾಳಿಯ ತೇವ ಹೀರುತ್ತಾ ಹೋಗುತ್ತದೆ. ತೇವ ಸೇರಿದ ಆಯಿಲಿಗೆ ಅದೇ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಸೆಕೆಂಡ್ ಹ್ಯಾಂಡ್ ಕಾರಲ್ವಾ, ಹಿಂದಿನ ಮಾಲೀಕರು ಬದಲಾಯಿಸಿದ್ದಕ್ಕೆ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ತಿಳಿಯಿರಿ. ಹೊರಡುವ ಮುಂಚೆ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ, ಮುಂದಿನ ಪ್ಯಾಡ್ ಎಷ್ಟು ದಪ್ಪ ಉಳಿದಿದೆ ನೋಡಿಸಿ. ನಿಮ್ಮ ಕಾರಿನ ಹಿಂದೆ ಡ್ರಮ್ ಬ್ರೇಕ್ ಇರುವುದರಿಂದ, ಡ್ರಮ್ ಬಿಚ್ಚಿ ಧೂಳು ತೆಗೆಸಿ. ನೀವು ಮಾಡಿಸಬೇಕಾದದ್ದರಲ್ಲಿ ಇದೇ ದೊಡ್ಡದು. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಾಯಿಸುವುದು), ಜೋರು ಸದ್ದಿನ ಎಗ್ಸಾಸ್ಟ್ ಯಾವುದೂ ಬೇಡ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ, ಮೇಲಿನ ಗೀರುಗಳು ಆಳವಾಗೇ ಕಂಡರೂ, ರಬ್ಬರ್ ಗಟ್ಟಿಯಾಗಿರುತ್ತದೆ. ಬದಲಾಯಿಸಿ. ಗಾಳಿಯನ್ನು ಬೆಳಗ್ಗೆ ಟಯರ್ ತಣ್ಣಗಿರುವಾಗ ನೋಡಿ. ಬಿಸಿಯಾದ ಮೇಲೆ ಒತ್ತಡ ಏರಿದ್ದು ಕಂಡು ಗಾಳಿ ಬಿಡಬೇಡಿ.

ಇನ್ನೊಂದು ಚಿಕ್ಕ ವಿಷಯ. ಡ್ರೈವರ್ ಸೀಟಿನ ಕೆಳಗೆ, ಬಾಗಿಲಿನ ಜೇಬಿನಲ್ಲಿ ನೀರಿನ ಬಾಟಲಿ ಇಡಬೇಡಿ. ಇಳಿಜಾರಿನ ತಿರುವಿನಲ್ಲಿ ಅದು ಉರುಳಿ ಬ್ರೇಕ್ ಪೆಡಲಿನ ಹಿಂದೆ ಸಿಕ್ಕಿಕೊಂಡರೆ ಪೆಡಲ್ ಅರ್ಧಕ್ಕೇ ನಿಂತುಬಿಡುತ್ತದೆ. ಕಾಲಡಿಯ ಮ್ಯಾಟ್ ಕೊಕ್ಕೆಗೆ ಸಿಕ್ಕಿದೆಯಾ ಅಂತಲೂ ಕೈ ಹಾಕಿ ಎಳೆದು ನೋಡಿ.

ಲಾರಿ ಎದುರಾದಾಗ ಏನು ಮಾಡಬೇಕು ಅನ್ನುವುದು ದಿಂಬಂನಲ್ಲಿ ಓಡಿಸುವವರು ಕಲಿಯಲೇಬೇಕಾದ ಪಾಠ. ಉದ್ದದ ಲಾರಿಯ ಹಿಂದಿನ ಚಕ್ರಗಳು ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ. ಒಳಗೆ ಕತ್ತರಿಸಿಕೊಂಡು ಬರುತ್ತವೆ. ಅದಕ್ಕೆ ಚಾಲಕರು ಮೊದಲು ಗಾಡಿಯ ಮೂತಿಯನ್ನು ನಿಮ್ಮ ಕಡೆಗೆ ಪೂರ್ತಿ ತಂದು, ಆಮೇಲೆ ತಿರುಗಿಸಬೇಕಾಗುತ್ತದೆ. ಅವರು ನಿಮ್ಮ ಜಾಗ ಕಿತ್ತುಕೊಳ್ಳುತ್ತಿಲ್ಲ, ಬೇರೆ ದಾರಿಯೇ ಇಲ್ಲ. ಇಳಿಯುವಾಗ ಕೆಳಗಿನ ತಿರುವಿನಲ್ಲಿ ಲಾರಿಯ ತಲೆ ಕಂಡರೆ ತಿರುವಿಗೆ ಎರಡು ಕಾರಿನಷ್ಟು ದೂರ ಇರುವಾಗಲೇ ಎಡಕ್ಕೆ ಒತ್ತಿ ನಿಂತುಬಿಡಿ. ಅಲ್ಲಿ ನಿಂತರೆ ಅದು ಆರಾಮಾಗಿ ತಿರುಗಿ ಮೇಲೆ ಬರುತ್ತದೆ. ತಿರುವಿನೊಳಗೆ ಹೋಗಿ ನಿಂತರೆ ಇಬ್ಬರಿಗೂ ಜಾಗ ಇಲ್ಲ, ನೀವು ರಿವರ್ಸ್ ಬರಬೇಕು. ನಿಮ್ಮ ಬಾಲಕ್ಕೆ ಅಂಟಿಕೊಂಡು ಇನ್ನೂ ಹತ್ತು ಕಾರು ನಿಂತಿದ್ದರೆ? ರಿವರ್ಸ್ ಯಾರು ಬರುತ್ತಾರೆ? ಭಾರ ಹೊತ್ತು ಹತ್ತುತ್ತಿರುವ ಲಾರಿ ಅಲ್ಲೇ ನಿಂತರೆ ಮತ್ತೆ ಕದಲಿಸುವುದು ಎಷ್ಟು ಕಷ್ಟ ಅಂತ ನೀವು ಬಸ್ಸಿನಿಂದ ನೋಡೇ ಇರುತ್ತೀರಿ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ನಮ್ಮ ರಸ್ತೆ ನಿಯಮದಲ್ಲೇ ಇದೆ. ಕಾರಿಂದ ಕಾರಿಗೆ ಮೂರು ಸೆಕೆಂಡಿಗಿಂತ ಜಾಸ್ತಿ ಅಂತರ ಇಡಿ ಅಂತ ನಾನು ಒತ್ತಿ ಹೇಳುವುದು ಡಿಕ್ಕಿ ತಪ್ಪಲಿ ಅಂತ ಮಾತ್ರ ಅಲ್ಲ, ಹೀಗೆ ಸಿಕ್ಕಿಹಾಕಿಕೊಂಡಾಗ ಬಿಡಿಸಿಕೊಳ್ಳಲು ಜಾಗ ಇರಲಿ ಅಂತ.

ಸಮಯದ ಬಗ್ಗೆ ಆಯೋಜಕರ ಜೊತೆ ಮಾತಾಡಿ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದದ್ದು ನಿಮಗೆ ಗೊತ್ತೇ ಇದೆ. ರಾತ್ರಿ ನಿಂತ ಗಾಡಿಗಳೆಲ್ಲ ಬೆಳಗ್ಗೆ 6ಕ್ಕೆ ಎರಡೂ ಕಡೆಯಿಂದ ಒಟ್ಟಿಗೆ ಹೊರಡುತ್ತವೆ. ಕ್ಲಬ್ಬಿನವರಿಗೆ ನಸುಕಿನ ಆಸೆ ಇರುತ್ತದೆ, ಆದರೆ ಇಲ್ಲಿ 6 ಗಂಟೆ ಅಂದರೆ ಲಾರಿಗಳ ಗಂಟೆ. ಹಾಸನೂರಿನಲ್ಲಿ ತಿಂಡಿ ಮುಗಿಸಿ, ಎಂಟೂವರೆ ಮೇಲೆ ಇಳಿಯುವುದು ಒಳ್ಳೆಯದು. ಬಣ್ಣಾರಿ ಅಮ್ಮನ ಕೊಂಡೋತ್ಸವದ ದಿನಗಳಲ್ಲಿ, ಅಮಾವಾಸ್ಯೆಯಂದು ಈ ಕಾರ್ಯಕ್ರಮ ಬೇಡವೇ ಬೇಡ. ಅಕ್ಟೋಬರಿನಿಂದ ಡಿಸೆಂಬರ್ ತನಕ ಹಿಂಗಾರು ಮಳೆ ಇರುತ್ತದೆ. ಮಂಜು ಕವಿದರೆ ಲೋ ಬೀಮ್ ಹಾಕಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಅನ್ನುವುದು ಹಿಂದಿನವರಿಗೆ ತಿಳಿಯುವುದಿಲ್ಲ.

ಇದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಹಾಸನೂರಿನಿಂದ ಕಾರಪಳ್ಳಂ ಚೆಕ್‌ಪೋಸ್ಟ್ ತನಕ ಕಬ್ಬಿನ ಲಾರಿಗಾಗಿ ಆನೆಗಳು ರಸ್ತೆಗೆ ಬಂದು ನಿಲ್ಲುವುದನ್ನು ನಿಮಗೆ ನಾನು ಹೇಳಬೇಕಿಲ್ಲ. ಆದರೆ ಕ್ಲಬ್ಬಿನ ಉಳಿದವರಿಗೆ ನೀವು ಹೇಳಬೇಕು. ಆ ದಾರಿಯವರು ಅಂತ ನಿಮಗೆ ಅಷ್ಟು ಹಕ್ಕಿದೆ. ಆನೆ ಕಂಡರೆ ದೂರದಲ್ಲೇ ನಿಲ್ಲುವುದು, ಹಾರ್ನ್ ಹಾಕದಿರುವುದು, ಎಂಜಿನ್ ಜೋರಾಗಿ ಕೂಗಿಸದಿರುವುದು, ಹಿಂದಿನ ಕಾರು ರಿವರ್ಸ್ ಹೋಗಲು ಜಾಗ ಬಿಟ್ಟಿರುವುದು. ಕುರುಡು ತಿರುವಿನಲ್ಲಿ ಒಂದು ಸಣ್ಣ ಹಾರ್ನ್ ಸಾಕು. ತಿರುವಿನಲ್ಲಿ ಇಳಿದು ನಿಂತು ಕಾರುಗಳ ವಿಡಿಯೋ ತೆಗೆಯುವುದು ಯಾರೇ ಹೇಳಿದರೂ ಬೇಡ. ಕಾಡಿನ ನಡುವೆ ಫೋನ್ ಸಿಗ್ನಲ್ ನಂಬಬೇಡಿ, ಎಲ್ಲಿ ಎಲ್ಲಿ ಸೇರುವುದು ಅಂತ ಹೊರಡುವ ಮೊದಲೇ ಬರೆದುಕೊಳ್ಳಿ.

ಇನ್ಶೂರೆನ್ಸ್. ನಮ್ಮ ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ, ಪೇಸ್ ಮೇಕಿಂಗ್ (ರೇಸಿನಲ್ಲಿ ಮುಂದೆ ಹೋಗಿ ವೇಗ ಹೊಂದಿಸಿಕೊಡುವುದು), ರಿಲಯಬಿಲಿಟಿ ಟ್ರಯಲ್ (ಗಾಡಿ ಎಷ್ಟು ತಾಳುತ್ತದೆ ಅನ್ನುವ ಪರೀಕ್ಷೆ) ಇವುಗಳಿಗೆ ರಕ್ಷಣೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಜೊತೆಯಾಗಿ ಹೋಗಿ ತಿಂಡಿ ತಿಂದು ಬರುವುದು ರೇಸ್ ಅಲ್ಲ. ಆದರೆ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ "ಬಣ್ಣಾರಿಯಿಂದ ದಿಂಬಂಗೆ ಯಾರು ಎಷ್ಟು ನಿಮಿಷ" ಅಂತ ಶುರು ಮಾಡಿದರೆ ವಿಷಯವೇ ಬೇರೆ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ರಸ್ತೆಯಲ್ಲಿ ರೇಸ್ ಅಥವಾ ವೇಗದ ಪೈಪೋಟಿ ನಡೆಸಿದರೆ ಮೊದಲ ಸಲ ಮೂರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಂಥ ಮಾತು ಕಂಡ ದಿನವೇ ನಯವಾಗಿ ಹೊರಗೆ ಬನ್ನಿ. ಹಿಂದಿನ ಮಾಲೀಕರು ಎಂಜಿನ್ ರೀಮ್ಯಾಪ್ ಮಾಡಿಸಿದ್ದು ಪಾಲಿಸಿಯಲ್ಲಿ ನಮೂದಾಗಿಲ್ಲ ಅಂದರೆ ಕ್ಲೇಮ್ ತಿರಸ್ಕಾರ ಆಗಲು ಅದೂ ಕಾರಣ ಆಗಬಹುದು, ವಿಚಾರಿಸಿ. ಪಾಲಿಸಿ ನಿಮ್ಮ ಹೆಸರಿಗೆ ಬದಲಾಗಿದೆಯಾ ನೋಡಿಕೊಳ್ಳಿ.

ನಿಜವಾಗಿಯೂ ಕಾರು ಜೋರಾಗಿ ಓಡಿಸುವ ಆಸೆ ಇದೆಯಾ? ಅದು ತಪ್ಪಲ್ಲ. ಅದಕ್ಕೆ ಸತ್ಯಮಂಗಲದ ಆಚೆ ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಸುಮಾರು 2.1 ಕಿ.ಮೀ. ಸುತ್ತಿನ ಟ್ರ್ಯಾಕ್. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಅವರ ಊರೂ ಕೊಯಮತ್ತೂರೇ. ಟ್ರ್ಯಾಕಿನಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ತಪ್ಪಿದರೆ ಓಡಿಹೋಗಲು ಬಯಲು ಇರುತ್ತದೆ, ಹೇಳಿಕೊಡುವವರು ಸಿಗುತ್ತಾರೆ. ನಿಮ್ಮ ಕ್ಲಬ್ಬಿನವರು ಟ್ರ್ಯಾಕ್ ಡೇ ಮಾಡಿದರೆ ಅದಕ್ಕೆ ಮೊದಲು ಹೆಸರು ಕೊಡಿ.

ಅಮ್ಮನ ಮಾತಿನಲ್ಲಿ ಹುರುಳಿದೆ. ಘಾಟಿಯಲ್ಲಿ ಓಡಿಸಿದ ಅನುಭವ ಇಲ್ಲದೆ ನೇರವಾಗಿ ಗುಂಪಿಗೆ ಹೋಗುವುದು ನನಗೂ ಸರಿ ಕಾಣುವುದಿಲ್ಲ. ಬ್ರೇಕ್ ಕೆಲಸ ಮುಗಿದ ಮೇಲೆ, ಭಾನುವಾರಕ್ಕೆ ಒಂದೆರಡು ವಾರ ಮುಂಚೆ, ರಜೆ ಹಾಕಿ ಊರಿಗೆ ಹೋಗಿ. ಈ ದಾರಿಯಲ್ಲಿ ದಿನಾ ಓಡಿಸುವ ನೆಂಟರೋ, ಟ್ಯಾಕ್ಸಿ ಓಡಿಸುವ ಪರಿಚಯದವರೋ ಊರಲ್ಲಿ ಇದ್ದೇ ಇರುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲ ಸಲ ಇಳಿಯುವಾಗ ಅವರೇ ಓಡಿಸಲಿ, ನೀವು ನೋಡಿ. ಬಣ್ಣಾರಿಯಿಂದ ನೀವು ಹತ್ತಿಸಿ, ದಿಂಬಂನಲ್ಲಿ ಟೀ ಕುಡಿದು, ಮತ್ತೆ ನೀವೇ ಇಳಿಸಿ. ಕೆಳಗೆ ಬಂದು ನಿಂತಾಗ ಚಕ್ರದ ಹತ್ತಿರ ಸುಟ್ಟ ವಾಸನೆ ಬಂದರೆ ಬ್ರೇಕ್ ಜಾಸ್ತಿ ಬಳಸಿದ್ದೀರಿ ಅಂತ ಅರ್ಥ. ಹ್ಯಾಂಡ್ ಬ್ರೇಕ್ ಎಳೆಯದೆ, ಸಮತಟ್ಟಾದ ಜಾಗದಲ್ಲಿ ಪಿ ಸ್ಥಾನಕ್ಕೆ ಹಾಕಿ ಅರ್ಧ ಗಂಟೆ ತಣ್ಣಗಾಗಲು ಬಿಡಿ. ಪೆಡಲ್ ಮೆತ್ತಗೆ ಅನ್ನಿಸಿದ್ದರೆ ಮತ್ತೆ ಘಾಟಿ ಹತ್ತಬೇಡಿ, ಸತ್ಯಮಂಗಲದಲ್ಲೇ ಮೆಕ್ಯಾನಿಕ್ಕಿಗೆ ತೋರಿಸಿ. ಎರಡೂ ಇಲ್ಲದೆ ಆರಾಮಾಗಿ ಇಳಿದಿದ್ದರೆ ಆಯೋಜಕರಿಗೆ ಫೋನ್ ಮಾಡಿ, ಲೀಡ್ ಕಾರಿನ ಹಿಂದಿನ ಜಾಗ ನಿಮಗೇ ಇರಲಿ ಅಂತ ಹೇಳಿಬಿಡಿ.